ಕಾಮಿಕ್ಸ್ ಬರೀ ತೋರಿಸಬೇಡಿ ಸ್ವಾಮಿ, ಮನೆಗೆ ಒಯ್ಯೋಕೆ ಕೊಡಿ

ಮಾನ್ಯ ಸಂಪಾದಕರೇ,

ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ ಅಂತ ಇರುತ್ತಲ್ಲ, ಆ ಲೆಕ್ಕದಲ್ಲಿ ನಮ್ಮೂರ ಲೈಬ್ರರಿಯಲ್ಲಿ ಈ ಸಲ ಕಾಮಿಕ್ಸ್ ಮತ್ತೆ ಗ್ರಾಫಿಕ್ ಕಾದಂಬರಿಗಳ, ಅಂದ್ರೆ ಕಾಮಿಕ್ಸ್ ತರ ಚಿತ್ರದಲ್ಲೇ ಹೇಳೋ ಉದ್ದ ಕಥೆಗಳ, ಪ್ರದರ್ಶನ ಇಟ್ಟಿದ್ರು. ಅದರ ಬಗ್ಗೆ ಮೇಷ್ಟ್ರೊಬ್ಬರು ನಿಮ್ಮ ಪೇಪರಿನ ಓದುಗರ ಕಾಲಂನಲ್ಲಿ ಸಿಟ್ಟಿಂದ ಬರೆದಿದ್ದನ್ನ ಓದಿದೆ. ಲೈಬ್ರರಿಯೋರಿಗೆ ಬೇರೆ ಪುಸ್ತಕ ಸಿಗಲಿಲ್ವಾ, ಮೊದಲೇ ಮೊಬೈಲ್ ಹಿಡ್ಕೊಂಡು ಕೂತಿರೋ ಮಕ್ಕಳಿಗೆ ಈ ಬೊಂಬೆ ಪುಸ್ತಕ ಬೇರೆ ತೋರಿಸಬೇಕಾ ಅನ್ನೋದು ಅವರ ತಕರಾರು. ನನ್ನದೂ ಒಂದು ತಕರಾರಿದೆ, ಆದ್ರೆ ಅವರದಕ್ಕೆ ಪೂರ್ತಿ ಉಲ್ಟಾ. ಪ್ರದರ್ಶನ ಇಟ್ಟಿದ್ದು ಸರಿ, ಇಟ್ಟ ರೀತಿ ಸರಿ ಇಲ್ಲ. ಪುಸ್ತಕ ಅಷ್ಟೂ ಗಾಜಿನ ಶೋಕೇಸ್ ಒಳಗೆ, ಮೇಲೊಂದು ಮುಟ್ಟಬೇಡಿ ಅನ್ನೋ ಚೀಟಿ, ಕೇಳಿದ್ರೆ ಇದು ರೆಫರೆನ್ಸು ಸಾರ್ ಎರವಲು ಕೊಡಲ್ಲ, ಸಪ್ತಾಹ ಮುಗಿದ ಮೇಲೆ ಬೀರು ಒಳಗೆ ಹೋಗುತ್ತೆ ಅಂದ್ರು. ಕಾಮಿಕ್ಸನ್ನ ರೆಫರೆನ್ಸ್ ಮಾಡಿದ್ದು ನಾನಂತೂ ಇದೇ ಮೊದಲು ನೋಡಿದ್ದು.

ಊರಿನ ಹೆಸರು ಬೇಕಂತಲೇ ಬರೀತಿಲ್ಲ. ಅಲ್ಲಿರೋ ಲೈಬ್ರರಿಯನ್ ಒಳ್ಳೆಯವರು, ಪಾಪ ಸ್ವಂತ ಆಸಕ್ತಿಯಿಂದ ಓಡಾಡಿ ಪುಸ್ತಕ ಒಟ್ಟು ಮಾಡಿದಾರೆ, ಹೆಸರು ಹಾಕಿದ್ರೆ ನಾಳೆ ಮೇಲಿನೋರಿಂದ ಫೋನ್ ಬರುತ್ತೆ, ಮುಂದಿನ ವರ್ಷ ಅದೂ ಇರಲ್ಲ. ನಾನೂ ಕಾಲೇಜು ಲೈಬ್ರರಿಯಲ್ಲೇ ಸರ್ವಿಸ್ ಮುಗಿಸಿದೋನು, ಆ ಗಾಜಿನ ಹಿಂದೆ ಇರೋ ಭಯ ಏನು ಅಂತ ಗೊತ್ತು, ಅದನ್ನ ಆಮೇಲೆ ಹೇಳ್ತೀನಿ. ಮೊದಲು ಮೇಷ್ಟ್ರ ಮಾತು.

ಕಾಮಿಕ್ಸ್ ಅಂದ್ರೆ ಅಮೆರಿಕದಿಂದ ಬಂದು ನಮ್ಮ ಮಕ್ಕಳಿಗೆ ಅಂಟಿಕೊಂಡ ಚಾಳಿ ಅನ್ನೋ ಧಾಟಿ ಅವರ ಪತ್ರದಲ್ಲಿತ್ತು. ಮೇಷ್ಟ್ರೇ, ಅಮರ ಚಿತ್ರಕಥೆ ಶುರುವಾಗಿದ್ದೇ ಕನ್ನಡದಲ್ಲಿ, ಇದು ಎಷ್ಟು ಜನಕ್ಕೆ ಗೊತ್ತು? 1965ರಲ್ಲಿ ಇಂಡಿಯಾ ಬುಕ್ ಹೌಸ್‌ಗೆ ಬೆಂಗಳೂರಲ್ಲಿ ಪುಸ್ತಕ ಮಾರ್ತಿದ್ದ ಜಿ.ಕೆ. ಅನಂತರಾಮ್ ಅನ್ನೋರು ಕನ್ನಡದಲ್ಲಿ ಕಾಮಿಕ್ಸ್ ತಂದ್ರೆ ನಡೆಯುತ್ತೆ ಅಂತ ಹಟ ಹಿಡಿದು ಮಾಡಿಸಿದ್ರು, ಮೊದಲ ಹತ್ತು ಪುಸ್ತಕ ಸಿಂಡ್ರೆಲಾ ತರದ ಪಾಶ್ಚಾತ್ಯ ಕಥೆಗಳು, ಕನ್ನಡದಲ್ಲಿ. ಆಮೇಲೆ ಅನಂತ ಪೈ ಬಂದು ನಮ್ಮ ಪುರಾಣದ ಕಡೆ ತಿರುಗಿಸಿ ಕೃಷ್ಣನ ಕಥೆ ತಂದಾಗ ಅದಕ್ಕೆ ಬಿದ್ದ ನಂಬರ್ 11. ಹಳೇ ಲಿಸ್ಟ್ ನೋಡಿದೋರು ಒಂದರಿಂದ ಹತ್ತು ಎಲ್ಲಿ ಹೋಯ್ತು ಅಂತ ತಲೆ ಕೆರ್ಕೋತಾರಲ್ಲ, ಆ ಹತ್ತು ನಮ್ಮವು. ಪೈ ಅವರೂ ಬೇರೆ ಎಲ್ಲಿಯವರೂ ಅಲ್ಲ, 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿದೋರು. ದಿಲ್ಲಿಯಲ್ಲಿ ಟಿವಿಯಲ್ಲಿ ಒಂದು ಕ್ವಿಜ್ ನೋಡ್ತಾ ಇದ್ರಂತೆ, ಮಕ್ಕಳು ಗ್ರೀಕ್ ದೇವರ ಬಗ್ಗೆ ಕೇಳಿದ್ದಕ್ಕೆ ಪಟಪಟ ಉತ್ತರ ಹೇಳಿದ್ರು, ರಾಮನ ತಾಯಿ ಯಾರು ಅಂದ್ರೆ ಸುಮ್ಮನಾದ್ರು, ಅಲ್ಲಿಂದ ಅವರಿಗೆ ಈ ಹುಚ್ಚು ಹತ್ತಿದ್ದು ಅಂತ ಅವರೇ ಹೇಳ್ತಿದ್ರು. ಸಂಸ್ಕೃತಿ ಸಂಸ್ಕೃತಿ ಅನ್ನೋ ಮೇಷ್ಟ್ರಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?

ಅದರ ಜೊತೆಗೆ 1964ರಿಂದ 1990ರವರೆಗೆ ಟೈಮ್ಸ್ ಆಫ್ ಇಂಡಿಯಾದೋರು ತಂದ ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲೂ ಬರ್ತಿತ್ತು, ಫ್ಯಾಂಟಮ್ಮು, ಮಾಂಡ್ರೇಕು, ನಮ್ಮದೇ ದೇಶದ ಬಹದ್ದೂರು. 1948ರಿಂದ ಕನ್ನಡದಲ್ಲಿ ಬಂದ ಚಂದಮಾಮ ಕಾಮಿಕ್ಸ್ ಅಲ್ಲ ನಿಜ, ಆದ್ರೆ ಬೇತಾಳನನ್ನ ಹೆಗಲ ಮೇಲೆ ಹಾಕ್ಕೊಂಡು ಕತ್ತಿ ಹಿಡಿದು ನಡೀತಿರೋ ವಿಕ್ರಮನ ಆ ಚಿತ್ರ ಕಣ್ಣಲ್ಲಿ ಇಲ್ಲದೆ ಆ ಕಥೆ ನೆನಪಿಗೆ ಬರೋದು ಯಾರಿಗಾದ್ರೂ ಸಾಧ್ಯವಾ. ಆಮೇಲಿನೋರಿಗೆ ಬಾಲಮಂಗಳದ ಡಿಂಗ. ಅದನ್ನೆಲ್ಲ ಪಠ್ಯಪುಸ್ತಕದ ಮಧ್ಯೆ ಇಟ್ಕೊಂಡು ಓದಿದೋರೇ ಇವತ್ತು ಎಂಜಿನಿಯರು ಡಾಕ್ಟರು ಆಗಿದಾರೆ, ಕೆಲವರು ಮೇಷ್ಟ್ರೂ ಆಗಿದಾರೆ.

ಇನ್ನೂ ಹಿಂದಕ್ಕೆ ಹೋಗೋಣ ಅಂದ್ರೆ ತರೀಕೆರೆ ಹತ್ರ ಅಮೃತಾಪುರ ಇದೆ, 1196ರ ಅಮೃತೇಶ್ವರ ದೇವಸ್ಥಾನ, ಎರಡನೇ ವೀರಬಲ್ಲಾಳನ ಕಾಲದ್ದು. ಹೊರಗೋಡೆ ದಕ್ಷಿಣಕ್ಕೆ 70 ಚೌಕದಲ್ಲಿ ರಾಮಾಯಣ, ಉತ್ತರಕ್ಕೆ 25ರಲ್ಲಿ ಕೃಷ್ಣನ ಕಥೆ, 45ರಲ್ಲಿ ಮಹಾಭಾರತ, ಒಂದೊಂದು ಚೌಕಕ್ಕೆ ಒಂದೊಂದು ಸೀನು. ಮಜಾ ಏನಂದ್ರೆ ರಾಮಾಯಣ ಪ್ರದಕ್ಷಿಣೆಗೆ ಉಲ್ಟಾ ಸಾಗುತ್ತೆ, ಅಂದ್ರೆ ಗೋಡೆಗೆ ಮುಖ ಮಾಡಿ ನಿಂತರೆ ನಮ್ಮ ಕನ್ನಡ ಪುಟದ ಹಾಗೆ ಎಡದಿಂದ ಬಲಕ್ಕೆ, ಉತ್ತರದ ಗೋಡೆ ಪ್ರದಕ್ಷಿಣೆಯ ದಾರೀಲೇ ಹೋಗುತ್ತೆ, ಅದು ಬಲದಿಂದ ಎಡಕ್ಕೆ, ಜಪಾನಿನ ಕಾಮಿಕ್ಸ್, ಅದೇ ಮಂಗಾ ಅಂತಾರಲ್ಲ, ಅದು ಇದ್ದ ಹಾಗೆ. ಮೇಷ್ಟ್ರು ಆ ಕಡೆ ಮಕ್ಕಳನ್ನ ಟೂರ್ ಕರ್ಕೊಂಡು ಹೋದ್ರೆ ಚಿತ್ರ ನೋಡಬೇಡ್ರೋ, ಶಾಸನ ಮಾತ್ರ ಓದ್ರೋ ಅಂತ ಹೇಳ್ತಾರಾ?

ಕಾಮಿಕ್ಸ್ ಓದಿದ್ರೆ ಮಕ್ಕಳು ಕೆಡ್ತಾರೆ ಅನ್ನೋ ಮಾತಿಗೂ ಒಂದು ಚರಿತ್ರೆ ಇದೆ, ಅದನ್ನೂ ಹೇಳಿಬಿಡ್ತೀನಿ. 1954ರಲ್ಲಿ ಅಮೆರಿಕದ ಫ್ರೆಡ್ರಿಕ್ ವರ್ಥಮ್ ಅನ್ನೋ ಮನೋವೈದ್ಯರು ಮಕ್ಕಳ ಪುಂಡಾಟಕ್ಕೆಲ್ಲ ಕಾಮಿಕ್ಸೇ ಕಾರಣ ಅಂತ ದೊಡ್ಡ ಪುಸ್ತಕ ಬರೆದ್ರು, ಅಲ್ಲಿ ಸಂಸತ್ತಿನ ಸಮಿತಿ ತನಕ ವಿಷಯ ಹೋಯ್ತು, ಹೆದರಿದ ಪ್ರಕಾಶಕರು ತಾವೇ ಒಂದು ಕೋಡ್ ಮಾಡ್ಕೊಂಡು ಅದರ ಮುದ್ರೆ ಇಲ್ಲದೆ ಪುಸ್ತಕ ಮಾರದ ಹಾಗೆ ಆಯ್ತು, ಆ ಕೋಡ್ ಪೂರ್ತಿ ಸತ್ತಿದ್ದು 2011ರಲ್ಲಿ. ಆಮೇಲೆ ಇಲಿನಾಯ್ ವಿಶ್ವವಿದ್ಯಾಲಯದ ಕ್ಯಾರೊಲ್ ಟಿಲ್ಲಿ, ಅವರು ಲೈಬ್ರರಿ ಸೈನ್ಸ್ ಪ್ರೊಫೆಸರ್ ಅನ್ನೋದು ನನಗೊಂದು ಖುಷಿ, ವರ್ಥಮ್ ಬಿಟ್ಟು ಹೋದ ಕಾಗದ ಪತ್ರ ಎಲ್ಲ ಕೂತು ನೋಡಿ, ಮಕ್ಕಳು ಹೇಳಿದ್ದನ್ನ ಈ ಮಹಾಶಯರು ತಮಗೆ ಬೇಕಾದ ಹಾಗೆ ತಿದ್ದಿದ್ದಾರೆ, ಸೇರಿಸಿದ್ದಾರೆ, ಬಿಟ್ಟಿದ್ದಾರೆ ಅಂತ ತೋರಿಸಿಕೊಟ್ರು. ಅಷ್ಟು ಹೊತ್ತಿಗೆ ಅರವತ್ತು ವರ್ಷ ಹತ್ತಿರ ಆಗಿತ್ತು. ನಮ್ಮ ಕಡೆ ಮಾತ್ರ ಆ ಹಳೇ ಭಯ ಇನ್ನೂ ಹಂಗೇ ಓಡಾಡ್ತಿದೆ.

ಮೇಷ್ಟ್ರ ಪತ್ರದಲ್ಲಿ ಒಪ್ಪಬೇಕಾದ ಒಂದು ಮಾತಿದೆ, ಅದನ್ನ ಮುಚ್ಚಿಡಲ್ಲ. ದೊಡ್ಡವರಿಗೆ ಬರೆದ ಪುಸ್ತಕಗಳನ್ನೂ ಮಕ್ಕಳ ಪುಸ್ತಕಗಳನ್ನೂ ಒಂದೇ ಸಾಲಲ್ಲಿ ಜೋಡಿಸಿದ್ರು. ನಾನೇ ಕಣ್ಣಾರೆ ನೋಡಿದ್ದು, ಆರ್ಟ್ ಸ್ಪೀಗಲ್‌ಮನ್ ಅವರ ಮೌಸ್ ಪುಸ್ತಕ ಮಕ್ಕಳ ಕಾಮಿಕ್ಸ್ ಪತ್ರಿಕೆ ಟಿಂಕಲ್ ಪಕ್ಕದಲ್ಲಿ ಕೂತಿತ್ತು, ಕವರ್ ಮೇಲೆ ಇಲಿ ಇದೆ ಅಂತ ಇರಬೇಕು. ಅದರಲ್ಲಿ ಯಹೂದಿಗಳು ಇಲಿಗಳು, ನಾಜಿಗಳು ಬೆಕ್ಕುಗಳು, ಮಗ ತನ್ನ ಅಪ್ಪನನ್ನ ಕೂರಿಸಿ ನಾಜಿಗಳ ಆಶ್ವಿಟ್ಜ್ ಸಾವಿನ ಶಿಬಿರದಲ್ಲಿ ಏನಾಯ್ತು ಅಂತ ಕೇಳಿ ಕೇಳಿ ಬರೆದ ಕಥೆ ಅದು, 1992ರಲ್ಲಿ ಪುಲಿಟ್ಜರ್ ವಿಶೇಷ ಪ್ರಶಸ್ತಿ ಬಂದಿದ್ದು. ಮೂರನೇ ಕ್ಲಾಸಿನ ಮಗು ಕೈಗೆ ಕೊಡೋ ಪುಸ್ತಕ ಅಲ್ಲ. ಹಂಗಂತ ತೆಗೆದು ಬಿಸಾಡೋ ಪುಸ್ತಕವೂ ಅಲ್ಲ. 2022ರ ಜನವರಿಯಲ್ಲಿ ಅಮೆರಿಕದ ಟೆನೆಸಿಯ ಮೆಕ್‌ಮಿನ್ ಕೌಂಟಿ ಸ್ಕೂಲ್ ಬೋರ್ಡಿನೋರು ಕೆಟ್ಟ ಮಾತು ಇದೆ, ಒಂದು ಬೆತ್ತಲೆ ಚಿತ್ರ ಇದೆ ಅಂತ ಎಂಟನೇ ಕ್ಲಾಸಿನ ಪಾಠದಿಂದ ಅದನ್ನ ತೆಗೆದ್ರು, ಆ ಸುದ್ದಿ ಹರಡಿದ ಮೇಲೆ ಪುಸ್ತಕ ಅಮೆಜಾನ್‌ನಲ್ಲಿ ಒಂದನೇ ನಂಬರಿಗೆ ಹೋಯ್ತು. ಜಪಾನಿನ ಮಾತ್ಸುಯೆ ಊರಲ್ಲೂ ಹಿರೋಶಿಮಾ ಬಾಂಬಿನ ಕಥೆ ಇರೋ ಒಂದು ಮಂಗಾವನ್ನ 2012ರಲ್ಲಿ ಶಾಲೆ ಲೈಬ್ರರಿಗಳ ಮುಕ್ತ ಶೆಲ್ಫಿಂದ ತೆಗೆಸಿದ್ರು, ಜನ ಗಲಾಟೆ ಮಾಡಿದ ಮೇಲೆ ಮಾರನೇ ವರ್ಷ ವಾಪಸ್ ಇಡಿಸಿದ್ರು. ಬೇಕಾಗಿರೋದು ನಿಷೇಧ ಅಲ್ಲ, ಎರಡು ಬೇರೆ ಬೇರೆ ಶೆಲ್ಫು. ಮಕ್ಕಳ ವಿಭಾಗದಲ್ಲಿ ಒಂದು, ದೊಡ್ಡವರ ವಿಭಾಗದಲ್ಲಿ ಒಂದು. ಲೈಬ್ರರಿಯಲ್ಲಿ ವಿಷಯಕ್ಕೊಂದು ನಂಬರ್ ಕೊಟ್ಟು ಪುಸ್ತಕ ಜೋಡಿಸೋ ಡ್ಯೂಯಿ ಪದ್ಧತಿಯಲ್ಲಿ ಇದಕ್ಕೆ 741.5 ಅಂತ ನಂಬರೇ ಇದೆ, ನಾವು ಹೊಸದಾಗಿ ಏನೂ ಕಂಡು ಹಿಡೀಬೇಕಾಗಿಲ್ಲ.

ಆ ಶೋಕೇಸಿನಲ್ಲಿ ನನಗೆ ತುಂಬ ಹೊಟ್ಟೆ ಉರಿಸಿದ್ದು ಭೀಮಾಯಣ. 2011ರ ಪುಸ್ತಕ, ಮಧ್ಯಪ್ರದೇಶದ ಗೊಂಡ ಬುಡಕಟ್ಟಿನ ಕಲಾವಿದರು ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಚಿತ್ರ ಬರೆದಿರೋದು, ಅಂಬೇಡ್ಕರ್ ಅವರ ಬದುಕಿನ ಪ್ರಸಂಗಗಳು. ಶಾಲೆಯಲ್ಲಿ ನೀರು ಮುಟ್ಟಬಾರದು ಅಂದಿದ್ದು, ಅಪ್ಪನ್ನ ನೋಡೋಕೆ ರೈಲಲ್ಲಿ ಹೋದ ಹುಡುಗರಿಗೆ ಸ್ಟೇಷನ್ನಲ್ಲಿ ಗಾಡಿ ಸಿಗದೆ ಒದ್ದಾಡಿದ್ದು, ಮಹಾಡ್ ಕೆರೆ ಸತ್ಯಾಗ್ರಹ, ಎಲ್ಲ ಬರುತ್ತೆ. ಕಲಾವಿದರು ಮನುಷ್ಯರನ್ನ ಡಬ್ಬಿಯೊಳಗೆ ಕೂಡಿಹಾಕಲ್ಲ ಅಂತ ಹೇಳಿ ಮಾಮೂಲಿ ಕಾಮಿಕ್ಸ್ ಚೌಕಗಳನ್ನೇ ಬಿಟ್ಟುಬಿಟ್ರು, ಪುಟದ ತುಂಬ ಗೊಂಡ ವಿನ್ಯಾಸವೇ ಹರಿದು ಒಂದು ಪ್ರಸಂಗದಿಂದ ಇನ್ನೊಂದನ್ನ ಬೇರೆ ಮಾಡುತ್ತೆ. ಮಾತಿನ ಬಲೂನು ನೋಡಿ, ಒಳ್ಳೆ ಮಾತಾದ್ರೆ ಹಕ್ಕಿ ಆಕಾರ, ವಿಷದ ಮಾತಾದ್ರೆ ಬಲೂನಿಗೆ ಚೇಳಿನ ಕೊಂಡಿ, ಮನಸ್ಸಲ್ಲಿ ಅಂದ್ಕೊಂಡಿದ್ದಾದ್ರೆ ಒಂದು ಕಣ್ಣು. ಓದೋಕೆ ಬರದ ಮಗು ಕೂಡ ಪುಟ ನೋಡಿ ಇಲ್ಲಿ ಯಾರು ಯಾರಿಗೆ ಚುಚ್ಚಿ ಮಾತಾಡ್ತಿದಾರೆ ಅಂತ ಹೇಳುತ್ತೆ. ಇಂಥ ಪುಸ್ತಕಾನ ಒಂದೇ ಪುಟ ತೆಗೆದು ಗಾಜಿನೊಳಗೆ ಮಲಗಿಸಿದ್ರು ಅಂದ್ರೆ! ಪುಟ ತಿರುಗಿಸಿದ್ರೆ ತಾನೇ ಅದು ಕಥೆ. ಗಾಜಿನೊಳಗೆ ಅದು ಬರೀ ಒಂದು ಚಿತ್ರ. ಅದೂ ನೀರು ಮುಟ್ಟಬೇಡ ಅನ್ನಿಸಿಕೊಂಡ ಹುಡುಗನ ಕಥೆ ಮೇಲೆ ಮುಟ್ಟಬೇಡಿ ಅನ್ನೋ ಚೀಟಿ. ಅಂಟಿಸಿದೋರಿಗೆ ಹೊಳೆದಿರಲ್ಲ ಬಿಡಿ.

ಈಗ ಭಯದ ವಿಷಯಕ್ಕೆ ಬರ್ತೀನಿ. ಹೊರಗಿನೋರಿಗೆ ಲೈಬ್ರರಿಯನ್ ಅಂದ್ರೆ ಪುಸ್ತಕ ಕೊಡದೆ ಸತಾಯಿಸೋ ಮನುಷ್ಯ. ಒಳಗಿನ ಕಥೆ ಏನಂದ್ರೆ ಪುಸ್ತಕ ಕಳೆದ್ರೆ ಅದು ಅವನ ತಲೆಗೆ ಬರುತ್ತೆ, ಸ್ಟಾಕ್ ವೆರಿಫಿಕೇಶನ್ ಆಗುತ್ತೆ, ಆಡಿಟ್ನೋರು ಆಬ್ಜೆಕ್ಷನ್ ಬರೀತಾರೆ, ರಿಟೈರ್ ಆಗೋ ಹೊತ್ತಿಗೆ ನೋ ಡ್ಯೂ ಸರ್ಟಿಫಿಕೇಟಿಗೆ ಅಲೆದಾಡಿ ಕೈಯಿಂದ ದುಡ್ಡು ಕಟ್ಟಿದೋರನ್ನ ನಾನು ನೋಡಿದೀನಿ. ಕೇಂದ್ರ ಸರ್ಕಾರದ 2017ರ ಹಣಕಾಸು ನಿಯಮಾವಳಿಯಲ್ಲಿ 215ನೇ ನಿಯಮ ಅಂತ ಒಂದಿದೆ, ವರ್ಷದಲ್ಲಿ ಎರವಲು ಹೋದ, ಓದಿಗೆ ತೆಗೆದ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದ್ರೆ, ಮೋಸ ಅಥವಾ ಬೇಜವಾಬ್ದಾರಿ ಇಲ್ಲ ಅಂದ್ರೆ, ಅದು ಸಹಜ ನಷ್ಟ ಅಂತ ಒಪ್ಪಬಹುದು ಅನ್ನುತ್ತೆ. ಅಂದ್ರೆ ಜಾಸ್ತಿ ಪುಸ್ತಕ ಕೊಟ್ಟಷ್ಟೂ ವಿನಾಯಿತಿ ಜಾಸ್ತಿ. ಬೀಗ ಹಾಕಿ ಇಟ್ಟೋನಿಗೆ ಇದರಿಂದ ಏನೂ ಲಾಭ ಇಲ್ಲ. ಅದು ಕೇಂದ್ರದ ಲೈಬ್ರರಿಗಳ ನಿಯಮ ಸರಿ, ಆದ್ರೆ ನಮ್ಮ ಊರ ಲೈಬ್ರರಿ, ಪಂಚಾಯ್ತಿ ಲೈಬ್ರರಿಗಳಲ್ಲಿ ಕೆಲಸ ಮಾಡೋರಿಗೂ ಇಂಥದ್ದೊಂದು ಧೈರ್ಯದ ಮಾತನ್ನ ಅಧಿಕಾರಿಗಳು ಬಾಯಲ್ಲಿ ಅಲ್ಲ, ಬರವಣಿಗೆಯಲ್ಲಿ ಕೊಡಬೇಕು. ಕೊಟ್ಟು ನೋಡಿ, ಶೋಕೇಸಿನ ಬೀಗ ತಾನಾಗೇ ತೆಗೆಯುತ್ತೆ.

ಹರಿದು ಹೋಗುತ್ತೆ ಅಂತೀರಾ, ಹೌದು ಹರಿಯುತ್ತೆ. ಕಾಮಿಕ್ಸ್‌ಗೆ ಬೆನ್ನು ಇರಲ್ಲ, ಎರಡು ಪಿನ್ ಹೊಡೆದಿರ್ತಾರೆ ಅಷ್ಟೇ, ಶೆಲ್ಫಲ್ಲಿ ನಿಲ್ಲಿಸಿದ್ರೆ ದಪ್ಪ ಪುಸ್ತಕದ ನಡುವೆ ಸಿಕ್ಕಿ ಕಾಣೆ ಆಗುತ್ತೆ. ಅದಕ್ಕೆ ಮುಖ ಕಾಣೋ ಹಾಗೆ ಇಡೋ ಸ್ಟ್ಯಾಂಡ್ ಬೇಕು, ಪೇಪರ್ ಮ್ಯಾಗಜಿನ್ ಇಡೋ ಸ್ಟ್ಯಾಂಡೇ ಸಾಕು, ಪ್ರತಿ ಲೈಬ್ರರಿಯಲ್ಲೂ ಒಂದು ಮೂಲೆಯಲ್ಲಿ ಧೂಳು ತಿಂತಾ ಬಿದ್ದಿರುತ್ತೆ. ಏಳೆಂಟು ಸೇರಿಸಿ ಒಂದು ರಟ್ಟಿನ ಬೈಂಡ್ ಮಾಡಿಸಿದ್ರೆ ವರ್ಷಗಟ್ಟಲೆ ಬಾಳುತ್ತೆ, ಆದ್ರೆ ಬೈಂಡರ್‌ಗೆ ಮೊದಲೇ ಹೇಳಬೇಕು ಅಂಚು ಜಾಸ್ತಿ ಕತ್ತರಿಸಬೇಡಪ್ಪ ಅಂತ, ಇಲ್ಲಾಂದ್ರೆ ಕೊನೆ ಬಲೂನಿನ ಅರ್ಧ ಮಾತು ಕತ್ತರಿ ಪಾಲು. ಇನ್ನು ಸೀಲು. ನಮ್ಮಲ್ಲಿ ಸೀಕ್ರೆಟ್ ಪೇಜ್ ಅಂತ ಒಂದು ಪುಟದ ಮೇಲೆ ಲೈಬ್ರರಿ ಸೀಲ್ ಹೊಡೀತೀವಿ, ಅಕ್ಷರದ ಪುಸ್ತಕದಲ್ಲಿ ಪರವಾಗಿಲ್ಲ, ಕಾಮಿಕ್ಸಲ್ಲಿ ಅದು ಸರಿಯಾಗಿ ಫ್ಯಾಂಟಮ್ಮಿನ ಮುಖದ ಮೇಲೆ ಬಿದ್ದು ನೀಲಿ ಗಡ್ಡ ಬಂದಿರುತ್ತೆ. ಒಂದು ಸಲ ನಮ್ಮ ಕಾಲೇಜಿಗೆ ಯಾರೋ ಒಂದಿಷ್ಟು ಮಂಗಾ ದಾನ ಕೊಟ್ರು, ನಮ್ಮ ಅಟೆಂಡರ್ ಎಲ್ಲದಕ್ಕೂ ಡ್ಯೂ ಡೇಟ್ ಚೀಟಿಯನ್ನ ಶುರುವಿನ ಪುಟಕ್ಕೇ ಅಂಟಿಸಿಬಿಟ್ಟ, ಅವನ ಲೆಕ್ಕಕ್ಕೆ ಅದು ಕೊನೇ ಪುಟ, ಆಮೇಲೆ ಒಬ್ಬ ಹುಡುಗ ಬಂದು ಸಾರ್ ಇದರ ಬೈಂಡಿಂಗ್ ಉಲ್ಟಾ ಆಗಿದೆ, ಕಂಪನಿಗೆ ವಾಪಸ್ ಕಳಿಸಿ ಅಂದ. ಬಲದಿಂದ ಎಡಕ್ಕೆ ಓದಪ್ಪ ಅಂತ ಹೇಳಿಕೊಟ್ಟ ಮೇಲೆ ಆ ಹುಡುಗ ಅಷ್ಟನ್ನೂ ಓದಿ ಮುಗಿಸಿದ.

ಜಪಾನಿನ ಕ್ಯೋಟೊದಲ್ಲಿ ಮಂಗಾ ಮ್ಯೂಸಿಯಂ ಅಂತ ಇದೆ, ಮುಚ್ಚಿಹೋದ ಹಳೇ ಪ್ರೈಮರಿ ಶಾಲೆ ಕಟ್ಟಡದಲ್ಲಿ 2006ರಲ್ಲಿ ಶುರು ಮಾಡಿದ್ದು. ಹೆಸರು ಮ್ಯೂಸಿಯಂ ಆದ್ರೂ ಒಟ್ಟು 200 ಮೀಟರ್ ಉದ್ದದ ಶೆಲ್ಫುಗಳಲ್ಲಿ ಸುಮಾರು 50,000 ಪುಸ್ತಕ ಮುಕ್ತವಾಗಿ ಇಟ್ಟಿದಾರೆ, ಯಾರು ಬೇಕಾದ್ರೂ ತಗೊಂಡು ಹೊರಗೆ ಹುಲ್ಲಿನ ಮೇಲೆ ಮಲಗಿಕೊಂಡು ಓದಬಹುದು. ನಮ್ಮಲ್ಲಿ ಮುಚ್ಚಿದ ಕನ್ನಡ ಶಾಲೆ ಕಟ್ಟಡಗಳಿಗೇನೂ ಬರ ಇಲ್ಲ, ಆ ಮಾತು ಇನ್ನೊಂದು ದಿನಕ್ಕಿರಲಿ. ಅವರು ಮ್ಯೂಸಿಯಮ್ಮನ್ನೇ ಲೈಬ್ರರಿ ಮಾಡಿದ್ರು, ನಾವು ಲೈಬ್ರರಿನ ಮ್ಯೂಸಿಯಂ ಮಾಡ್ತಿದೀವಿ. ಅದೂ ಎಲ್ಲಿ, ನಮ್ಮ ದೇಶದ ಲೈಬ್ರರಿ ಸೈನ್ಸಿನ ಪಿತಾಮಹ ಎಸ್.ಆರ್. ರಂಗನಾಥನ್ ಕೊನೆ ಕಾಲದಲ್ಲಿ ಬೆಂಗಳೂರಲ್ಲೇ ಇದ್ದು 1962ರಲ್ಲಿ ಲೈಬ್ರರಿ ಸೈನ್ಸಿಗೆ ಅಂತಲೇ ಒಂದು ಕೇಂದ್ರ ಕಟ್ಟಿದ ರಾಜ್ಯದಲ್ಲಿ. ಲೈಬ್ರರಿ ಹೇಗಿರಬೇಕು ಅನ್ನೋ ಅವರ ಐದು ಸೂತ್ರ 1931ರದ್ದು, ಮೊದಲನೇದೇ ಪುಸ್ತಕ ಇರೋದು ಬಳಸೋಕೆ ಅಂತ. ಸಪ್ತಾಹದ ಬ್ಯಾನರಲ್ಲಿ ಅವರ ಫೋಟೋ ಇತ್ತು, ಹೂವಿನ ಹಾರ ಬೇರೆ.

ಶೋಕೇಸಲ್ಲಿ ಕನ್ನಡದ್ದು ಎಷ್ಟಿತ್ತು ಅಂತ ನೋಡಿದ್ರೆ ಹಳೇ ಅಮರ ಚಿತ್ರಕಥೆ ಬಿಟ್ರೆ ಹೆಚ್ಚೇನಿಲ್ಲ. ಒರಿಜಿತ್ ಸೆನ್ ನರ್ಮದಾ ಹೋರಾಟದ ಬಗ್ಗೆ 1994ರಲ್ಲೇ ಮಾಡಿದ ಪುಸ್ತಕ, ಸಾರನಾಥ್ ಬ್ಯಾನರ್ಜಿ 2004ರಲ್ಲಿ ತಂದಿದ್ದು, ಅಮೃತಾ ಪಾಟೀಲ್ ಅವರದ್ದು, ಎಲ್ಲ ಇಂಗ್ಲಿಷು. ಕನ್ನಡದಲ್ಲಿ ಯಾಕಿಲ್ಲ ಅಂದ್ರೆ ಕಲಾವಿದರು ಇಲ್ಲ ಅಂತಲ್ಲ, ನಿಮ್ಮದೂ ಸೇರಿ ನಮ್ಮ ಪೇಪರುಗಳಲ್ಲಿ ಕಾರ್ಟೂನ್ ಬರೆಯೋರು ಎಷ್ಟು ಒಳ್ಳೆಯವರಿದಾರೆ. ಪ್ರಕಾಶಕರು ಲೈಬ್ರರಿ ಸಗಟು ಖರೀದಿ ನಂಬಿಕೊಂಡು ಬದುಕ್ತಾರೆ, ಆ ಖರೀದಿ ಪುಟಕ್ಕೆ ಇಷ್ಟು ಅನ್ನೋ ದರದ ಲೆಕ್ಕದ ಮೇಲೆ ನಡೆಯುತ್ತೆ. ಅಕ್ಷರ ತುಂಬಿದ ಪುಟಕ್ಕೆ ಅದು ಹೇಗೋ ನಡೀಬಹುದು, ಆದ್ರೆ ಒಂದು ಪುಟದ ಆರು ಚೌಕಕ್ಕೆ ಪೆನ್ಸಿಲ್ಲು, ಇಂಕು, ಬಣ್ಣ, ಬಲೂನಿನೊಳಗೆ ಅಕ್ಷರ ಅಂತ ದಿನಗಟ್ಟಲೆ ಕೂರೋ ಕಲಾವಿದನಿಗೆ ಆ ಪುಟದ ದರದಲ್ಲಿ ಏನು ಸಿಗಬೇಕು? ಹಾಗಾಗಿ ಯಾರೂ ಮುದ್ರಿಸಲ್ಲ, ಮುದ್ರಿಸದೆ ಇದ್ರೆ ಲೈಬ್ರರಿಗೆ ಬರಲ್ಲ, ಲೈಬ್ರರಿಯಲ್ಲಿ ಇಲ್ಲ ಅಂದ್ರೆ ಮಕ್ಕಳು ಇಂಗ್ಲಿಷ್ ಕಡೆ ಹೋಗ್ತಾರೆ, ಆಮೇಲೆ ಕನ್ನಡ ಓದೋರಿಲ್ಲ ಅಂತ ನಾವೇ ನಿಮ್ಮ ಪೇಪರಿಗೆ ಪತ್ರ ಬರೀತೀವಿ. ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಕನ್ನಡದ ಒಂದು ಪ್ಯಾರಾ ಕೊಟ್ರೆ ಮುಖ ತಿರುಗಿಸ್ತಾರೆ, ಅದೇ ಬಲೂನಲ್ಲಿ ನಾಲ್ಕು ಪದ ಇದ್ರೆ ತಡವರಿಸಿಕೊಂಡಾದ್ರೂ ಓದಿಬಿಡ್ತಾರೆ, ಮುಂದಿನ ಚೌಕದಲ್ಲಿ ಏನಾಯ್ತು ಅಂತ ತಿಳ್ಕೋಬೇಕಲ್ಲ. ಇದು ನಮ್ಮ ಮನೆಯ ಮೊಮ್ಮಕ್ಕಳನ್ನ ನೋಡಿ ಹೇಳ್ತಿರೋದು, ಸಂಶೋಧನೆ ಗಿಂಶೋಧನೆ ಏನಿಲ್ಲ.

ರಾಜ್ಯದಲ್ಲಿ ಐದು ಸಾವಿರಕ್ಕೂ ಜಾಸ್ತಿ ಗ್ರಾಮ ಪಂಚಾಯ್ತಿ ಲೈಬ್ರರಿಗಳಿವೆ, ಈಗ ಅರಿವು ಕೇಂದ್ರ ಅಂತಾರೆ, 2020ರಲ್ಲಿ ಓದುವ ಬೆಳಕು ಅಂತ ಕಾರ್ಯಕ್ರಮ ಮಾಡಿ ಮಕ್ಕಳನ್ನ ಸದಸ್ಯರನ್ನೂ ಮಾಡಿಸಿದ್ರು, ಅದು ನಿಜಕ್ಕೂ ಒಳ್ಳೆ ಕೆಲಸ. ನಾವು ಆಸ್ತಿ ತೆರಿಗೆ ಜೊತೆ ಲೈಬ್ರರಿ ಸೆಸ್ ಅಂತ ಕಟ್ತೀವಿ, ಅದರಲ್ಲಿ ಮಕ್ಕಳ ಚಿತ್ರಕಥೆಗೆ ಅಂತ ಒಂದು ಸಣ್ಣ ಪಾಲು ತೆಗೆದಿಡಿ, ಪುಟದ ಲೆಕ್ಕ ಬಿಟ್ಟು ಬೇರೆ ದರ ಕಟ್ಟಿ, ಕೊಂಡಿದ್ದನ್ನ ಎರವಲು ಕೊಡಿ. ಮಕ್ಕಳದ್ದೂ ದೊಡ್ಡವರದ್ದೂ ಬೇರೆ ಬೇರೆ ಇಡಿ, ಮೇಷ್ಟ್ರಿಗೂ ಸಮಾಧಾನ ಆಗುತ್ತೆ. ಅವರು ಒಂದು ದಿನ ಬಿಡುವು ಮಾಡ್ಕೊಂಡು ಭೀಮಾಯಣ ಪೂರ್ತಿ ಓದಲಿ ಅಂತ ಕೇಳ್ಕೋತೀನಿ, ಗಾಜು ತೆಗೆಸಿದ ಮೇಲೆ.

ನನ್ನ ಹತ್ರ ಒಂದು ಟ್ರಂಕ್ ತುಂಬ ಇಂದ್ರಜಾಲ ಮತ್ತೆ ಅಮರ ಚಿತ್ರಕಥೆ ಇದೆ, ಕನ್ನಡದವು, ಕೆಲವಕ್ಕೆ ಕವರ್ ಇಲ್ಲ, ಇಲಿ ಕಡಿದಿದ್ದು ಒಂದೆರಡು. ನಮ್ಮೂರ ಲೈಬ್ರರಿಯೋರು ಅಕ್ಸೆಷನ್ ರಿಜಿಸ್ಟರಿಗೆ, ಅಂದ್ರೆ ಲೈಬ್ರರಿ ಪುಸ್ತಕಗಳ ದಾಖಲೆ ಪುಸ್ತಕಕ್ಕೆ, ಏರಿಸಿ ಮಕ್ಕಳಿಗೆ ಎರವಲು ಕೊಡ್ತೀವಿ ಅಂತ ಒಂದು ಸಾಲು ಬರೆದು ಸಹಿ ಹಾಕಿದ್ರೆ ನಾನೇ ಆಟೋದಲ್ಲಿ ಹಾಕ್ಕೊಂಡು ಬಂದು ಕೊಡ್ತೀನಿ, ಆಟೋ ಬಾಡಿಗೆನೂ ನಂದೇ. ಬೀರುವಿಗೆ ಆದ್ರೆ ಕೊಡಲ್ಲ.

ಇಂತಿ,
ಒಬ್ಬ ನಿವೃತ್ತ ಗ್ರಂಥಪಾಲಕ